ಪಿಯೆರಿಸ್ ಎಲೆ ಹಳದಿ, ಚಿಗುರು ಕಪ್ಪು: ಗಿಡ ಉಳಿಯುತ್ತಾ?

ಪ್ರಶ್ನೆ: ನಾವು ಇಂಗ್ಲೆಂಡಿನ ರೀಡಿಂಗ್‌ನಲ್ಲಿ, ಒಂದು ಹೊಸ ಬಡಾವಣೆಯಲ್ಲಿ ಇದ್ದೇವೆ. ನಾಲ್ಕು ವರ್ಷದ ಹಿಂದೆ ಗಾರ್ಡನ್ ಸೆಂಟರಿನಿಂದ ‘ಫಾರೆಸ್ಟ್ ಫ್ಲೇಮ್’ ಎಂಬ ಪಿಯೆರಿಸ್ ಗಿಡ ತಂದು, ಪೂರ್ವ ದಿಕ್ಕಿನ ಗೋಡೆಯ ಬುಡದಲ್ಲಿ, ಕಿಟಕಿಯ ಕೆಳಗೆ ನೆಟ್ಟೆವು. ಮೊದಲ ವರ್ಷ ಕೆಂಪು ಚಿಗುರು, ಗೊಂಚಲು ಗೊಂಚಲು ಬಿಳಿ ಹೂ. ಈಗ ಹೊಸ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಹೂ ಬೆರಳೆಣಿಕೆಯಷ್ಟು. ಈ ಏಪ್ರಿಲ್‌ನಲ್ಲಿ ಚಿಗುರೆಲ್ಲ ಒಂದೇ ರಾತ್ರಿಗೆ ಕಪ್ಪಾಯಿತು. ತಪ್ಪದೆ ನಲ್ಲಿ ನೀರು ಹಾಕುತ್ತೇವೆ, ಗುಲಾಬಿಯ ಗೊಬ್ಬರ ಹಾಕಿದ್ದೇವೆ, ಅಕ್ಟೋಬರಿನಲ್ಲಿ ಚೆನ್ನಾಗಿ ಸವರುತ್ತೇವೆ. ಕಾಫಿ ಚರಟ, ಎಪ್ಸಮ್ ಸಾಲ್ಟ್, ವಿನೆಗರ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೆಂಗಳೂರಿನಿಂದ ಬಂದಿರುವ ಅಮ್ಮ ಹುಳಿ ಮಜ್ಜಿಗೆ ಹಾಕು ಅನ್ನುತ್ತಾರೆ. ಗಿಡ ಉಳಿಯುತ್ತಾ? ಅಮ್ಮನ ಮನೆಗೂ ಒಂದು ಸಸಿ ಕಳಿಸಬಹುದಾ?

ಉತ್ತರ: ಉಳಿಯುತ್ತದೆ. ಎಲೆ ಹಳದಿಯಾದರೂ ನರ ಹಸಿರಾಗಿದೆ ಅಂದಿರಲ್ಲ, ಬೇರು ಇನ್ನೂ ಜೀವಂತವಾಗಿದೆ ಅನ್ನುವುದಕ್ಕೆ ಅದೇ ಒಳ್ಳೆಯ ಗುರುತು. ಬೇರು ಕೊಳೆತ ಪಿಯೆರಿಸ್ ಹೀಗಿರುವುದಿಲ್ಲ. ಅದರ ಎಲೆ ಬಾಡಿ ಜೋತು ಬೀಳುತ್ತದೆ, ಮಣ್ಣು ಒದ್ದೆ ಇದ್ದರೂ ಗಿಡ ನೀರಿಲ್ಲದಂತೆ ಕಾಣುತ್ತದೆ.

ನಿಮ್ಮ ಗಿಡಕ್ಕೆ ಹಸಿವಿಲ್ಲ. ಹಾಗಾಗಿ ಇನ್ನಷ್ಟು ಗೊಬ್ಬರ ಹಾಕಿದರೆ ಏನೂ ಸರಿಹೋಗುವುದಿಲ್ಲ. ಅದಕ್ಕೆ ಆಗಿರುವುದು ಸುಣ್ಣದ ಕಾಟ. ಆ ಸುಣ್ಣ ಎರಡು ದಾರಿಯಿಂದ ಬರುತ್ತಿದೆ: ಒಂದು ನಿಮ್ಮ ನಲ್ಲಿ ನೀರು, ಇನ್ನೊಂದು ಆ ಗೋಡೆಯ ಬುಡ.

ಪಿಯೆರಿಸ್ ಹೀದರ್, ಅಜೇಲಿಯಾ, ರೋಡೋಡೆಂಡ್ರನ್, ಬ್ಲೂಬೆರಿಗಳ ಕುಟುಂಬಕ್ಕೆ ಸೇರಿದ್ದು. ಜಪಾನ್, ತೈವಾನ್, ಪೂರ್ವ ಚೀನಾದ ಬೆಟ್ಟಗಳಲ್ಲಿ ಒಂದು ಜಾತಿ ಬೆಳೆಯುತ್ತದೆ. ಇನ್ನೊಂದು ಜಾತಿ ನೇಪಾಳ, ಭೂತಾನ್ ಕಡೆಯ ಹಿಮಾಲಯದಿಂದ ಚೀನಾದ ಯುನ್ನಾನ್ ತನಕ ಹಬ್ಬಿದೆ. ಎರಡೂ ಕಡೆ ಮಳೆ ಜಾಸ್ತಿ, ಮಣ್ಣು ಹುಳಿ, ನೆಲದ ಮೇಲೆ ಕೊಳೆತ ಎಲೆಯ ದಪ್ಪ ಪದರ. ಈ ಕುಟುಂಬದ ಬೇರುಗಳು ಕೂದಲಿಗಿಂತ ಸಣ್ಣ, ಮೇಲುಮೇಲಕ್ಕೇ ಹರಡುತ್ತವೆ. ಅವುಗಳ ಜೀವಕೋಶದ ಒಳಗೇ ಒಂದು ಬಗೆಯ ಶಿಲೀಂಧ್ರ ವಾಸ ಮಾಡಿಕೊಂಡು, ಬಡ ಹುಳಿಮಣ್ಣಿನಿಂದ ಆಹಾರ ಹೊಂಚಿ ಕೊಡುತ್ತದೆ. ಆ ಮಣ್ಣಿಗೆ ಅಷ್ಟು ಹೊಂದಿಕೊಂಡ ಗಿಡ ಸುಣ್ಣದ ಮಣ್ಣಿನಲ್ಲಿ ದಿಕ್ಕುಗೆಡುತ್ತದೆ.

ಆಗುವುದು ಇಷ್ಟು. ಎಲೆ ಹಸಿರಾಗಲು ಕಬ್ಬಿಣ ಬೇಕು. ನಿಮ್ಮ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ಆದರೆ ಮಣ್ಣಿನ ಪಿಎಚ್ (ಹುಳಿಯ ಅಳತೆ; ಅಂಕಿ ಏರಿದಷ್ಟೂ ಹುಳಿ ಕಮ್ಮಿ) ಒಂದು ಅಂಕಿ ಏರಿದರೆ ನೀರಿನಲ್ಲಿ ಕರಗುವ ಕಬ್ಬಿಣ ಸುಮಾರು 1,000 ಪಟ್ಟು ಇಳಿಯುತ್ತದೆ. ಪಿಯೆರಿಸ್‌ಗೆ ಹಿತವಾದ ಪಿಎಚ್ 5ರಿಂದ 6ರ ಒಳಗೆ. 7 ದಾಟಿದರೆ ಕಬ್ಬಿಣ ಕಣ್ಣೆದುರಿಗೇ ಇದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಎಲೆಗೆ ಮೊದಲು ಕೊರತೆ ಬೀಳುತ್ತದೆ, ಏಕೆಂದರೆ ಗಿಡ ಹಳೆಯ ಎಲೆಯಿಂದ ಕಬ್ಬಿಣವನ್ನು ತೆಗೆದು ಹೊಸದಕ್ಕೆ ಕೊಡಲಾರದು. ಹಳೆಯ ಎಲೆ ಮೊದಲು ಹಳದಿಯಾಗಿದ್ದರೆ ನಾನು ಮೆಗ್ನೀಸಿಯಂ ಕೊರತೆ ಅನ್ನುತ್ತಿದ್ದೆ, ಆಗ ಮೆಗ್ನೀಸಿಯಂ ಇರುವ ಎಪ್ಸಮ್ ಸಾಲ್ಟಿಗೆ ಅರ್ಥ ಇರುತ್ತಿತ್ತು. ನಿಮ್ಮಲ್ಲಿ ಹೊಸ ಎಲೆ ಹಳದಿ. ಆ ಪೊಟ್ಟಣ ಹಾಗೇ ಇರಲಿ.

ಈಗ ನಿಮ್ಮ ನೀರಿನ ವಿಷಯ. ನಿಮ್ಮ ಕೆಟಲ್ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಅಲ್ವಾ? ರೀಡಿಂಗ್ ಸುತ್ತಮುತ್ತ ಸೀಮೆಸುಣ್ಣದ ಬೆಟ್ಟಗಳು. ಅಂತರ್ಜಲ ಅದರ ಒಳಗಿಂದಲೇ ಬರುತ್ತದೆ. ಅಲ್ಲಿ ಲೀಟರ್ ನೀರಿನಲ್ಲಿ 250 ಮಿಲಿಗ್ರಾಂ ಸುಣ್ಣದ ಅಂಶ ಇರುವುದು ಮಾಮೂಲು. 10 ಲೀಟರಿನ ಒಂದು ಕ್ಯಾನ್ ಹಾಕಿದರೆ ಎರಡೂವರೆ ಗ್ರಾಂ ಸುಣ್ಣ ಹಾಕಿದ ಹಾಗೆ. ವಾರಕ್ಕೆ ಎರಡು ಕ್ಯಾನ್, ಆರು ತಿಂಗಳು ಅಂತ ಲೆಕ್ಕ ಹಿಡಿದರೂ 130 ಗ್ರಾಂ ಆಗುತ್ತದೆ. ನಾಲ್ಕು ಬೇಸಿಗೆಗೆ ಅರ್ಧ ಕಿಲೋ. ಪ್ರೀತಿಯಿಂದ ನೀರು ಹಾಕಿದಷ್ಟೂ ಗಿಡ ಹಳದಿಯಾಗಿದ್ದು ಇದರಿಂದಲೇ.

ಗೋಡೆಯ ಬುಡದ್ದು ಇನ್ನೊಂದು ಕಥೆ. ಹೊಸ ಬಡಾವಣೆಗಳಲ್ಲಿ ಗೋಡೆಗೆ ಒತ್ತಿದ ಪಾತಿಯಲ್ಲಿ ಅಗೆದು ನೋಡಿ: ಗಾರೆ ಚೂರು, ಕಾಂಕ್ರೀಟ್ ತುಂಡು, ಸಿಮೆಂಟ್ ಪುಡಿ ಸಿಗುತ್ತವೆ. ಮಳೆ ಬಂದಾಗಲೆಲ್ಲ ಅದರಿಂದ ಸುಣ್ಣ ಇಳಿಯುತ್ತದೆ. ಪರೀಕ್ಷೆ ಸುಲಭ. ಬೇರಿನ ಹತ್ತಿರದಿಂದ ಒಂದು ಹಿಡಿ ಮಣ್ಣು ತೆಗೆದು ಒಣಗಿಸಿ, ಅದರ ಮೇಲೆ ವಿನೆಗರ್ ಹನಿಸಿ. ಸುರ್ ಅಂತ ನೊರೆ ಎದ್ದರೆ ಬಿಡಿ ಸುಣ್ಣ ಇದೆ ಎಂದು ಅರ್ಥ. ವಿನೆಗರಿನಿಂದ ಈ ಗಿಡಕ್ಕೆ ಆಗುವ ಉಪಯೋಗ ಇದೊಂದೇ. ಬುಡಕ್ಕೆ ಸುರಿದರೆ ಎರಡು ದಿನ ಹುಳಿ, ಆಮೇಲೆ ಮಣ್ಣು ಮೊದಲಿನಂತೆ, ನಡುವೆ ಬೇರು ಮಾತ್ರ ಸುಟ್ಟಿರುತ್ತದೆ.

ಅಮ್ಮನ ಮಜ್ಜಿಗೆಯ ಮಾತು ಸುಮ್ನೆ ಹುಟ್ಟಿದ್ದಲ್ಲ. ನಮ್ಮ ಊರುಗಳಲ್ಲಿ ಕರಿಬೇವಿನ ಗಿಡಕ್ಕೆ ಹುಳಿ ಮಜ್ಜಿಗೆ ಹಾಕುವುದು ಹಳೆಯ ರೂಢಿ. ಆದರೆ ಮಜ್ಜಿಗೆಯ ಹುಳಿಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕೆಲವೇ ದಿನದಲ್ಲಿ ತಿಂದು ಮುಗಿಸುತ್ತವೆ. ಹಾಲಿನ ಕ್ಯಾಲ್ಸಿಯಂ ಮಾತ್ರ ಉಳಿಯುತ್ತದೆ. ಕರಿಬೇವು ಅದನ್ನು ತಡೆದುಕೊಳ್ಳುತ್ತದೆ, ಪಿಯೆರಿಸ್‌ಗೆ ಅದು ಬೇಡವೇ ಬೇಡ. ಕಾಫಿ ಚರಟದಿಂದಲೂ ಹೆಚ್ಚೇನೂ ಸಿಗುವುದಿಲ್ಲ. ಹುಳಿಯೆಲ್ಲ ಡಿಕಾಕ್ಷನ್ನಿಗೆ ಹೋಗಿ, ಚರಟ ಹೆಚ್ಚು ಕಡಿಮೆ ಸಪ್ಪೆಯಾಗಿರುತ್ತದೆ. ಸ್ವಲ್ಪ ಉದುರಿಸಿದರೆ ಕೆಡುಕಿಲ್ಲ. ದಪ್ಪಗೆ ಹರಡಿದರೆ ಹೆಪ್ಪುಗಟ್ಟಿ ನೀರು ಒಳಗಿಳಿಯುವುದಿಲ್ಲ. ಒಲೆ ಬೂದಿ, ಮೂಳೆ ಗೊಬ್ಬರ, ಅಣಬೆ ಕಾಂಪೋಸ್ಟ್, ಈ ಮೂರನ್ನು ಮಾತ್ರ ಈ ಗಿಡದ ಹತ್ತಿರಕ್ಕೂ ತರಬೇಡಿ. ಮೂರರಲ್ಲೂ ಸುಣ್ಣದ ಅಂಶ ಇದೆ.

ಮೊದಲು ಮಾಡಬೇಕಾದ್ದು ಮಳೆನೀರು ಹಿಡಿಯುವುದು. ಸೂರಿನ ಕೊಳವೆಗೆ 200 ಲೀಟರಿನ ಒಂದು ಡ್ರಮ್ ಜೋಡಿಸಿ. ಅಲ್ಲಿ ಅದನ್ನು ವಾಟರ್ ಬಟ್ ಅನ್ನುತ್ತಾರೆ. ರೀಡಿಂಗ್‌ನಲ್ಲಿ ವರ್ಷಕ್ಕೆ ಸುಮಾರು 650 ಮಿಲಿಮೀಟರ್ ಮಳೆ. 50 ಚದರ ಮೀಟರ್ ಸೂರಿನ ಮೇಲೆ 10 ಮಿಲಿಮೀಟರ್ ಬಿದ್ದರೆ 500 ಲೀಟರ್ ಆಯಿತು. ಅಂದರೆ ಒಂದು ಒಳ್ಳೆಯ ಮಳೆಗೇ ಡ್ರಮ್ ತುಂಬಿ ಹರಿಯುತ್ತದೆ. ಜಾಗ ಇದ್ದರೆ ಎರಡು ಡ್ರಮ್ ಇಡಿ. ಮನೆಯಲ್ಲಿ ನೀರು ಮೆದುಗೊಳಿಸುವ ಉಪ್ಪಿನ ಯಂತ್ರ ಇದ್ದರೆ ಆ ನೀರು ಬೇಡ, ಅದರಲ್ಲಿ ಸೋಡಿಯಂ ಸೇರಿರುತ್ತದೆ. ಬೇಸಿಗೆಯಲ್ಲಿ ಡ್ರಮ್ ಬರಿದಾದರೆ ಕೆಲವು ದಿನ ನಲ್ಲಿ ನೀರನ್ನೇ ಹಾಕಿ, ಚಿಂತೆ ಮಾಡಬೇಡಿ. ಗಿಡ ಒಣಗಿ ಸಾಯುವುದಕ್ಕಿಂತ ಅದು ಎಷ್ಟೋ ಮೇಲು. ಮತ್ತೆ ಮಳೆ ಬಂದಾಗ ಅದೇ ತೊಳೆದುಕೊಂಡು ಹೋಗುತ್ತದೆ.

ಇದರ ಜೊತೆಗೆ ಈಗಲೇ ಒಂದು ಸಲ ಕೀಲೇಟೆಡ್ ಕಬ್ಬಿಣ ಕೊಡಿ, ಅಂದರೆ ಸುಣ್ಣಕ್ಕೆ ಸಿಗದಂತೆ ಇನ್ನೊಂದು ರಾಸಾಯನಿಕ ಹಿಡಿದುಕೊಂಡಿರುವ ಕಬ್ಬಿಣ. ಅಂಗಡಿಯಲ್ಲಿ ಸೀಕ್ವೆಸ್ಟರ್ಡ್ ಐರನ್ ಅಂತಲೂ ಕೇಳಬಹುದು. ಇದರಲ್ಲಿ ಎರಡು ಬಗೆ ಇದೆ, ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಇಡಿಟಿಎ ಎಂದಿದ್ದರೆ ಸುಣ್ಣದ ಮಣ್ಣಿನಲ್ಲಿ ಅದು ಕಬ್ಬಿಣವನ್ನು ಬೇಗ ಕೈಬಿಡುತ್ತದೆ, ಬೇರಿಗೆ ಸಿಗದೆ ಹೋಗುತ್ತದೆ. ಇಡಿಡಿಎಚ್‌ಎ ಎಂದಿರುವುದು ಗಟ್ಟಿಯಾಗಿ ನಿಲ್ಲುತ್ತದೆ. ಎರಡನೆಯದನ್ನೇ ಹುಡುಕಿ ತನ್ನಿ. ಪೊಟ್ಟಣದಲ್ಲಿ ಹೇಳಿದ ಅಳತೆಗೆ ಮಳೆನೀರಿನಲ್ಲಿ ಕಲಸಿ, ಒದ್ದೆ ಮಣ್ಣಿಗೆ ಹಾಕಿ. ನೀರು ಗಾಢ ಕೆಂಪಾಗುತ್ತದೆ. ಬಟ್ಟೆಗೆ, ಅಂಗಳದ ಕಲ್ಲಿಗೆ ತಾಗಿದರೆ ಕಲೆ ಹೋಗುವುದಿಲ್ಲ, ಜೋಪಾನ. ಕೆಲವು ವಾರದಲ್ಲಿ ಹೊಸ ಎಲೆ ಹಸಿರಾಗಿ ಬರುತ್ತದೆ. ಈಗಾಗಲೇ ತುಂಬ ಬಿಳಿಚಿಕೊಂಡ ಎಲೆ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ, ಅದನ್ನು ನೋಡಿ ಬೇಸರಪಡಬೇಡಿ.

ಕಬ್ಬಿಣ ಕೊಡುವುದು ತಾತ್ಕಾಲಿಕ. ವಿನೆಗರ್ ಪರೀಕ್ಷೆಯಲ್ಲಿ ನೊರೆ ಬಂದರೆ ಆ ಜಾಗವನ್ನು ತಿದ್ದಲು ಹೋಗಬೇಡಿ. ಗಂಧಕದ ಹರಳು ಹಾಕಿ ಪಿಎಚ್ ಇಳಿಸಬಹುದು ಎಂದು ಓದಿರುತ್ತೀರಿ. ನಿಜ, ಮಣ್ಣಿನ ಬ್ಯಾಕ್ಟೀರಿಯಾ ಗಂಧಕವನ್ನು ನಿಧಾನವಾಗಿ ಆಮ್ಲ ಮಾಡುತ್ತವೆ. ಆದರೆ ಅದಕ್ಕೆ ಮಣ್ಣು ಬೆಚ್ಚಗಿರಬೇಕು, ತಿಂಗಳುಗಟ್ಟಲೆ ಕಾಯಬೇಕು. ಬಿಡಿ ಸುಣ್ಣ ಇರುವಲ್ಲಿ ಎಷ್ಟು ಆಮ್ಲ ಹುಟ್ಟಿದರೂ ಅದು ನುಂಗಿಹಾಕುತ್ತದೆ. ನನ್ನ ಸಲಹೆ ಸ್ಪಷ್ಟ: ಅಕ್ಟೋಬರಿನಲ್ಲಿ ಗಿಡವನ್ನು ಎತ್ತಿ ದೊಡ್ಡ ಕುಂಡಕ್ಕೆ ಹಾಕಿ.

ಎತ್ತುವುದು ನೀವು ಅಂದುಕೊಂಡಷ್ಟು ಕಷ್ಟ ಅಲ್ಲ. ಬೇರು ಮೇಲೆಯೇ ಇರುವುದರಿಂದ ಆಳಕ್ಕಿಂತ ಅಗಲಕ್ಕೆ ಅಗೆಯಿರಿ. ಸುಮಾರು 50 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳ ಸಾಕು. ಹಿಂದಿನ ದಿನ ಚೆನ್ನಾಗಿ ನೀರು ಕುಡಿಸಿರಿ. ಎತ್ತಿದ ಮೇಲೆ ಹೊರಗಂಚಿನ ಗಾರೆ, ಕಲ್ಲುಚೂರುಗಳನ್ನು ಕೈಯಿಂದಲೇ ಉದುರಿಸಿ. ಬೇರುಮುದ್ದೆಯ ನಡುವೆ ನರ್ಸರಿಯ ಹಳೆಯ ಕಾಂಪೋಸ್ಟ್ ಒಣಗಿ ಗಟ್ಟಿಯಾಗಿರುವುದು ಸಾಮಾನ್ಯ. ಒಮ್ಮೆ ಪೂರ್ತಿ ಒಣಗಿದರೆ ಅದು ನೀರನ್ನು ಒಳಗೆ ಬಿಡುವುದಿಲ್ಲ. ಹಾಗಿದ್ದರೆ ಮಳೆನೀರು ತುಂಬಿದ ಟಬ್ಬಿನಲ್ಲಿ, ಗುಳ್ಳೆ ಏಳುವುದು ನಿಲ್ಲುವ ತನಕ ಅದನ್ನು ಮುಳುಗಿಸಿಡಿ.

ಕುಂಡ 50 ಸೆಂಟಿಮೀಟರಿಗಿಂತ ಕಮ್ಮಿ ಬೇಡ, ಬೇರುಮುದ್ದೆಗಿಂತ ಒಂದಿಷ್ಟು ಅಗಲವೇ ಇರಲಿ. ತಳದಲ್ಲಿ ದೊಡ್ಡ ತೂತು ಇರಬೇಕು. ಅಂಗಡಿಯಲ್ಲಿ ‘ಎರಿಕೇಷಿಯಸ್’ (ಹುಳಿಮಣ್ಣು ಬೇಡುವ ಗಿಡಗಳಿಗೆಂದು ಮಾಡಿದ್ದು) ಎಂದು ಬರೆದ ಕಾಂಪೋಸ್ಟನ್ನೇ ತನ್ನಿ. ಮೂರು ಪಾಲಿಗೆ ಒಂದು ಪಾಲು ಪೈನ್ ತೊಗಟೆಯ ಚೂರು ಬೆರೆಸಿದರೆ ನೀರು ಸರಾಗ ಬಸಿಯುತ್ತದೆ. ಈ ಕೆಲಸವನ್ನು ಬಿಡಬೇಡಿ, ಏಕೆಂದರೆ ಪಿಯೆರಿಸ್‌ಗೆ ತೇವ ಬೇಕು, ನಿಂತ ನೀರು ಬೇಡ. ನೀರು ನಿಂತಲ್ಲಿ ಫೈಟಾಫ್ತೊರಾ ಎಂಬ ಕೊಳೆರೋಗ ಬಂದು ಬೇರನ್ನೇ ತಿನ್ನುತ್ತದೆ. ಅಡಿಕೆ ಬೆಳೆಗಾರರ ಮನೆಯವರಿಗೆ ಈ ಹೆಸರು ಹೊಸದಲ್ಲ. ಮಲೆನಾಡಿನ ಅಡಿಕೆ ಕೊಳೆಗೂ ಅದೇ ಗುಂಪಿನ ಜೀವಿ ಕಾರಣ. ಬೇರಿಗೆ ಅದು ಹತ್ತಿದ ಮೇಲೆ ಗಿಡ ಉಳಿಸುವುದು ಕಷ್ಟ.

ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ಕಾಂಡ ಹೂತುಹೋಗಬಾರದು. ಮೇಲೆ ತೊಗಟೆ ಚೂರು ಅಥವಾ ಪೈನ್ ಎಲೆಗಳನ್ನು ಐದು ಸೆಂಟಿಮೀಟರ್ ಹರಡಿ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಬುಡ ಕೆದಕುವ, ಮಣ್ಣು ಸಡಿಲ ಮಾಡುವ ಅಭ್ಯಾಸ ಇದ್ದರೆ ಈ ಗಿಡಕ್ಕೆ ಬೇಡ, ಮೇಲಿನ ಸಣ್ಣ ಬೇರೆಲ್ಲ ಹರಿಯುತ್ತದೆ. ಗುಲಾಬಿಯ ಗೊಬ್ಬರ ಗುಲಾಬಿಗೇ ಇರಲಿ. ಈ ಕುಟುಂಬದ ಗಿಡಗಳು ಸಾರಜನಕವನ್ನು ಅಮೋನಿಯಂ ರೂಪದಲ್ಲಿ ಹೆಚ್ಚು ಇಷ್ಟಪಡುತ್ತವೆ, ಎರಿಕೇಷಿಯಸ್ ಗೊಬ್ಬರ ಅದಕ್ಕೆಂದೇ ಇರುವುದು. ಏಪ್ರಿಲ್‌ನಿಂದ ಜುಲೈ ತನಕ ಕೊಡಿ, ಆಗಸ್ಟಿನಲ್ಲಿ ನಿಲ್ಲಿಸಿ. ತಡವಾಗಿ ಕೊಟ್ಟರೆ ಎಳೆ ಚಿಗುರು ಹೊರಟು ಚಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹೊಸ ಕಾಂಪೋಸ್ಟಿಗೆ ಬದಲಾಯಿಸಿ.

ಕುಂಡಕ್ಕೆ ಹಾಕುವುದರಿಂದ ಇನ್ನೊಂದು ಅನುಕೂಲ ಇದೆ, ಚಿಗುರು ಸುಟ್ಟದ್ದಕ್ಕೂ ಪರಿಹಾರ ಸಿಗುತ್ತದೆ. ಗಿಡ ಚಳಿಗಾಲದಲ್ಲಿ −10 ಡಿಗ್ರಿಯನ್ನೂ ತಡೆಯುತ್ತದೆ. ಆದರೆ ಆ ಕೆಂಪು ಚಿಗುರು ನಮ್ಮ ಮಾವಿನ ಚಿಗುರಿನಷ್ಟೇ ಎಳಸು. ಯುಗಾದಿಯ ಆಸುಪಾಸಿನಲ್ಲೇ ಹೊರಡುತ್ತದೆ, ಇಂಗ್ಲೆಂಡಿನಲ್ಲಿ ಆಗಿನ್ನೂ ರಾತ್ರಿ ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ) ಬೀಳುತ್ತಿರುತ್ತದೆ. ಪೂರ್ವದ ಗೋಡೆ ಅಂದರೆ ಬೆಳಗಿನ ಮೊದಲ ಬಿಸಿಲು ನೇರ ಚಿಗುರಿನ ಮೇಲೆ. ಹೆಪ್ಪುಗಟ್ಟಿದ ಚಿಗುರು ಗಡಿಬಿಡಿಯಲ್ಲಿ ಕರಗಿದರೆ ಹಾನಿ ಹೆಚ್ಚುತ್ತದೆ. ನಿಧಾನಕ್ಕೆ ಕರಗಿದರೆ ಎಷ್ಟೋ ಉಳಿಯುತ್ತದೆ. ಹಾಗಾಗಿ ಕುಂಡವನ್ನು ಪಶ್ಚಿಮ ಅಥವಾ ವಾಯವ್ಯ ಮೂಲೆಗೆ ಇಡಿ. ಗಾಳಿಗೆ ಬೇಲಿಯ ಮರೆ, ಮಧ್ಯಾಹ್ನದ ಮೇಲೆ ಮೂರು ನಾಲ್ಕು ಗಂಟೆ ಬಿಸಿಲು ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಪೂರ್ತಿ ನೆರಳಿಗೆ ತಳ್ಳಬೇಡಿ, ಹೂ ಕಮ್ಮಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ 2 ಡಿಗ್ರಿಗೆ ಇಳಿಯುವ ಸೂಚನೆ ಕಂಡರೆ ಸಂಜೆಯೇ ತೆಳು ಫ್ಲೀಸ್ ಬಟ್ಟೆ ಹೊದಿಸಿ, ಬೆಳಗ್ಗೆ ತೆಗೆಯಿರಿ.

ಕಪ್ಪಾದ ಚಿಗುರನ್ನು ಆತುರಕ್ಕೆ ಕತ್ತರಿಸುವುದೂ ಬೇಡ. ಮೇ ಕೊನೆಗೆ ಫ್ರಾಸ್ಟ್ ಭಯ ಕಳೆದ ಮೇಲೆ, ಕೆಳಗಿನ ಜೀವಂತ ಮೊಗ್ಗಿನ ತನಕ ಕತ್ತರಿಸಿ. ಅಲ್ಲಿಂದ ಎರಡನೇ ಸುತ್ತು ಚಿಗುರು ಬರುತ್ತದೆ.

ಹೂ ಯಾಕೆ ಕಮ್ಮಿ ಎಂಬುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಪಿಯೆರಿಸ್ ಮುಂದಿನ ವಸಂತದ ಹೂಮೊಗ್ಗನ್ನು ಈ ಬೇಸಿಗೆಯ ಕೊನೆಗೇ ಕಟ್ಟಿಬಿಡುತ್ತದೆ. ಅಕ್ಟೋಬರಿನಲ್ಲಿ ಟೊಂಗೆ ತುದಿ ನೋಡಿ, ಸಣ್ಣ ಮಣಿಸರದ ಹಾಗೆ ಇಳಿಬಿದ್ದಿರುವುದೇ ಮೊಗ್ಗು. ನೀವು ಪ್ರತಿ ವರ್ಷ ಸವರಿ ಗೊಬ್ಬರದ ಗುಂಡಿಗೆ ಹಾಕಿದ್ದು ಅದನ್ನೇ. ಇನ್ನು ಮುಂದೆ ಸವರುವುದಿದ್ದರೆ ಹೂ ಮುಗಿದ ಕೂಡಲೇ. ಒಣಗಿದ ಗೊಂಚಲನ್ನು ಆಗಲೇ ಚಿವುಟಿದರೆ ಶಕ್ತಿ ಬೀಜಕ್ಕೆ ಹೋಗುವ ಬದಲು ಹೊಸ ಚಿಗುರಿಗೆ ಹೋಗುತ್ತದೆ. ವರ್ಷಾ ವರ್ಷ ಸವರಬೇಕಾದ ಗಿಡವೇ ಇದಲ್ಲ. ಫಾರೆಸ್ಟ್ ಫ್ಲೇಮ್ ಬಿಟ್ಟರೆ ಎರಡು ಮೂರು ಮೀಟರ್ ದಾಟುತ್ತದೆ. ಕಿಟಕಿಯ ಕೆಳಗೆ ಅದನ್ನು ಗಿಡ್ಡ ಇಡಲು ಹೊರಟರೆ ಅದಕ್ಕೂ ನಿಮಗೂ ಹೋರಾಟವೇ. ಆ ಜಾಗಕ್ಕೆ ‘ಲಿಟಲ್ ಹೀತ್’ ಎಂಬ ಗಿಡ್ಡ ತಳಿಯನ್ನು ಕುಂಡದಲ್ಲಿ ಇಡಬಹುದು, ಅದು ಮೊಣಕಾಲೆತ್ತರದಲ್ಲೇ ನಿಲ್ಲುತ್ತದೆ.

ಎಲೆಯ ಹಿಂಬದಿಯನ್ನೂ ಒಮ್ಮೆ ತಿರುಗಿಸಿ ನೋಡಿ. ಪಿಯೆರಿಸ್ ಲೇಸ್‌ಬಗ್ ಎಂಬ ಪುಟ್ಟ ಕೀಟ ಬ್ರಿಟನ್ನಿನಲ್ಲಿ 1998ರಲ್ಲಿ ಮೊದಲು ಕಂಡುಬಂತು. ಅದರ ರೆಕ್ಕೆ ಗಾಜಿನ ಕಸೂತಿಯಂತೆ, ನಡುವೆ ಕಪ್ಪು ಗುರುತು. ಇದು ರಸ ಹೀರಿದರೂ ಎಲೆ ಬಿಳಿಚುತ್ತದೆ. ಆದರೆ ಆಗ ನರ ಹಸಿರು, ನಡು ಹಳದಿ ಎಂಬ ಚಿತ್ರ ಇರುವುದಿಲ್ಲ. ಬಿಳಿ ಚುಕ್ಕಿಗಳು ಎರಚಿದಂತೆ ಇರುತ್ತವೆ, ಹಿಂಬದಿಯಲ್ಲಿ ಟಾರು ಹನಿಯಂಥ ಕಂದು ಕಲೆ ಇರುತ್ತದೆ. ಬಿಸಿಲು, ಒಣ ಜಾಗದ ಗಿಡಕ್ಕೆ ಇದರ ಕಾಟ ಹೆಚ್ಚು. ಮೊಟ್ಟೆ ಎಲೆಯೊಳಗೇ ಚಳಿಗಾಲ ಕಳೆದು ಮೇ ಹೊತ್ತಿಗೆ ಒಡೆಯುತ್ತದೆ. ಆಗ ಹಿಂಬದಿಗೆ ಜೋರಾಗಿ ನೀರು ಹೊಡೆಯಿರಿ, ತೀರಾ ಹಾಳಾದ ಎಲೆ ಕಿತ್ತುಹಾಕಿ. ಹೂ ಇರುವಾಗ ಯಾವ ಔಷಧಿಯನ್ನೂ ಸಿಂಪಡಿಸಬೇಡಿ, ಜೇನ್ನೊಣ ಬಂದಿರುತ್ತದೆ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಪಿಯೆರಿಸ್ ವಿಷದ ಗಿಡ. ಎಲೆ, ಹೂ, ಮಕರಂದ ಎಲ್ಲದರಲ್ಲೂ ಗ್ರಯಾನೊಟಾಕ್ಸಿನ್ ಎಂಬ ವಿಷ ಇದೆ. ತಿಂದರೆ ಜೊಲ್ಲು, ವಾಂತಿ, ನಾಡಿ ಬಡಿತ ನಿಧಾನವಾಗುವುದು, ಜಾಸ್ತಿಯಾದರೆ ಜೀವಕ್ಕೇ ಅಪಾಯ. ಜಪಾನಿನ ನಾರಾ ಊರಿನ ಉದ್ಯಾನದಲ್ಲಿ ಜಿಂಕೆಗಳು ಕಂಡ ಸೊಪ್ಪನ್ನೆಲ್ಲ ಮೇಯುತ್ತವೆ, ಪಿಯೆರಿಸ್ ಮಾತ್ರ ಮುಟ್ಟುವುದಿಲ್ಲ. ಅದಕ್ಕೇ ಅಲ್ಲಿ ಪಿಯೆರಿಸ್ ಪೊದೆಗಳು ದಟ್ಟವಾಗಿ ಬೆಳೆದಿವೆ. ಆಡು, ಕುರಿ, ನಾಯಿಗೆ ಆ ಬುದ್ಧಿ ಇರುವುದಿಲ್ಲ. ಸವರಿದ ಸೊಪ್ಪನ್ನು ಬೇಲಿಯಾಚೆ ಎಸೆಯಬೇಡಿ. ಅಮ್ಮ ದೇವರಿಗೆ ಹೂ ಏರಿಸಿದರೆ ತೊಂದರೆ ಇಲ್ಲ, ನೈವೇದ್ಯಕ್ಕೆ, ತೀರ್ಥಕ್ಕೆ ಬೀಳದಿರಲಿ. ಮಗು ಅಥವಾ ನಾಯಿ ಎಲೆ ಅಗಿದದ್ದು ಕಂಡರೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಗಿಡ ಚೆನ್ನಾಗಿದ್ದರೆ ಹೇಗಿರುತ್ತದೆ ಎಂದು ನೋಡಲು ಮುಂದಿನ ಏಪ್ರಿಲ್‌ನಲ್ಲಿ ವಿಂಡ್ಸರಿನ ಸ್ಯಾವಿಲ್ ಗಾರ್ಡನ್‌ಗೆ ಹೋಗಿಬನ್ನಿ. ನಿಮ್ಮಿಂದ ಹೆಚ್ಚು ದೂರ ಇಲ್ಲ, ಆದರೆ ಅಲ್ಲಿ ಮಣ್ಣು ಹುಳಿ ಮರಳು. ನಿಮ್ಮ ಫಾರೆಸ್ಟ್ ಫ್ಲೇಮ್ ತಳಿ ಹುಟ್ಟಿದ್ದೂ ಅದೇ ಸೀಮೆಯ ಸನಿಂಗ್‌ಡೇಲ್ ನರ್ಸರಿಯಲ್ಲಿ, ಹಿಮಾಲಯದ ಜಾತಿಗೂ ಜಪಾನಿನ ಜಾತಿಗೂ ಬೆರಕೆಯಾಗಿ. ಕೆಂಪು ಚಿಗುರು ಹಿಮಾಲಯದ ಕಡೆಯದು.

ಕೊನೆಗೆ ಅಮ್ಮನ ಸಸಿ. ಬೆಂಗಳೂರಿಗೆ ಕಳಿಸಬೇಡಿ. ಗಿಡ ಒಯ್ಯಲು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅದು ಒಂದು ಮಾತು. ದೊಡ್ಡ ಮಾತು ಅಂದರೆ ಪಿಯೆರಿಸ್‌ಗೆ ನಿಜವಾದ ಚಳಿಗಾಲ ಬೇಕು. ಡಿಸೆಂಬರಿನಲ್ಲೂ ರಾತ್ರಿ 15 ಡಿಗ್ರಿಯ ಆಸುಪಾಸು ಇರುವ ಊರಿನಲ್ಲಿ ಅದು ಸೊರಗುತ್ತದೆ. ಅಮ್ಮನ ಅಂಗಳಕ್ಕೆ ನಾನು ಕೇಪಳ ಹೇಳುತ್ತೇನೆ. ಅದು ಬೇರೆ ಕುಟುಂಬದ್ದು, ಆದರೆ ಅದಕ್ಕೂ ಹುಳಿಮಣ್ಣೇ ಬೇಕು. ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಯಾರ ಆರೈಕೆಯೂ ಇಲ್ಲದೆ ಗೊಂಚಲು ಕೆಂಪು ಹೂ ಬಿಡುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿಗೆ, ಸಿಮೆಂಟ್ ಗೋಡೆಯ ಬುಡಕ್ಕೆ ಬಂದರೆ ಅದರ ಹೊಸ ಎಲೆಯೂ ಹೀಗೇ ಹಳದಿಯಾಗಿ ನರ ಮಾತ್ರ ಹಸಿರಾಗುತ್ತದೆ. ಅಮ್ಮನಿಗೆ ನಿಮ್ಮ ಪಿಯೆರಿಸ್ ತೋರಿಸಿ, ಊರಿಗೆ ಹೋದ ಮೇಲೆ ಕೇಪಳವನ್ನು ಗೋಡೆಯಿಂದ ದೂರ ನೆಟ್ಟು, ಮುಂಗಾರಿನಲ್ಲಿ ಸೂರಿನ ನೀರು ಹಿಡಿದು ಹಾಕಲು ಹೇಳಿ. ಮಜ್ಜಿಗೆ ಕರಿಬೇವಿಗೇ ಇರಲಿ.